ಪರಸೋಂ ಅಂದ್ರೆ ಯಾವತ್ತು? ಭಾನುವಾರದ ಹಿಂದಿ ಪ್ರಶ್ನೋತ್ತರ

ಅಡ್ಮಿನ್: ದೆಹಲಿ, ನೋಯ್ಡಾ, ಲಖನೌ ಕಡೆ ಹೊಸದಾಗಿ ಬಂದವರು ಕೇಳ್ತಾನೇ ಇದ್ರಿ, ಅದಕ್ಕೇ ಇವತ್ತು ಮೇಷ್ಟ್ರನ್ನ ಒಪ್ಪಿಸಿದ್ದೀನಿ. ಧಾರವಾಡದಲ್ಲಿ 30 ವರ್ಷ ಹಿಂದಿ ಪಾಠ ಮಾಡಿದವರು, ಈಗ ಮೇರಠ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಮೈಸೂರು ಹುಡುಗ: ಸರ್ ನಮಸ್ಕಾರ. ಬಂದು ಎರಡು ವಾರ ಆಯ್ತು, ಬಾಯಿ ತೆಗೆಯಕ್ಕೇ ಭಯ. ದಿನಾ ಬೇಕಾಗೋ ನಾಲ್ಕು ಮಾತು ಹೇಳ್ಕೊಡಿ.

ಮೇಷ್ಟ್ರು: ಬರಕೊಳ್ಳಪ್ಪಾ. ಅಂಗಡಿಯಲ್ಲಿ "ಭೈಯಾ, ಯೇ ಕಿತನೇ ಕಾ ಹೈ?" (ಇದು ಎಷ್ಟು?) ಆಟೋದಲ್ಲಿ "ಬಸ್, ಯಹೀಂ ರೋಕ್ ದೀಜಿಯೇ." (ಸಾಕು, ಇಲ್ಲೇ ನಿಲ್ಲಿಸಿ.) ಅರ್ಥ ಆಗದಿದ್ದರೆ "ಜ಼ರಾ ಧೀರೇ ಬೋಲಿಯೇ." (ಸ್ವಲ್ಪ ನಿಧಾನ ಮಾತಾಡಿ.) ಊಟಕ್ಕೆ ಖಾನಾ ಅನ್ನುವಾಗ ಮಹಾಪ್ರಾಣ ನುಂಗಬೇಡ, ಕಾನಾ ಅಂದರೆ ಒಕ್ಕಣ್ಣ. ಬೆಲೆ ಕೇಳೋದು ಸುಲಭ, ಉತ್ತರ ತಿಳಿಯೋದೇ ಕಷ್ಟ. ಉನತಾಲೀಸ್ 39, ಉನಚಾಸ್ 49, ಉನಸಠ್ 59. ನಮ್ಮ ಹಾಗೆ ಮೂವತ್ತಕ್ಕೆ ಒಂಬತ್ತು ಕೂಡಿಸಿ ಮೂವತ್ತೊಂಬತ್ತು ಅನ್ನುವುದಿಲ್ಲ, ನಲವತ್ತಕ್ಕೆ ಒಂದು ಕಮ್ಮಿ ಅನ್ನುತ್ತಾರೆ. ನೂರರವರೆಗೂ ಬಾಯಿಪಾಠವೇ ಗತಿ. ನನ್ನ ಮೊಮ್ಮಗ ಇಲ್ಲೇ ಹುಟ್ಟಿದವನು, ಅವನೂ 79ಕ್ಕೂ 89ಕ್ಕೂ ಮುಗ್ಗರಿಸುತ್ತಾನೆ.

ಹುಬ್ಬಳ್ಳಿ ಮಂದಿ: ಸರ್ರ, ಇದೊಂದು ನೋಡ್ರಿ, ಫ್ಯಾಮಿಲಿ ಗ್ರೂಪಿನ್ಯಾಗ ಬಂದೈತಿ. "ಹಿಂದಿ 5000 ವರ್ಷ ಹಳೆಯ ಭಾಷೆ, ಸಂಸ್ಕೃತದ ಹಿರಿಮಗಳು. ಕನ್ನಡದಲ್ಲಿರುವ ಸಂಸ್ಕೃತ ಪದಗಳನ್ನು ಹಾಗೇ ಬಳಸಿ, ಅರ್ಥ ಬದಲಾಗುವುದಿಲ್ಲ. 7 ದಿನದಲ್ಲಿ ಹಿಂದಿ!" ಖರೇನ?

ಮೇಷ್ಟ್ರು: ಅಡ್ಮಿನ್ ಏನು ಹೇಳಿದ್ದರು? ಇರಲಿ. ಹಿಂದಿ ಅನ್ನೋ ಹೆಸರೇ ಫಾರಸಿಯವರು ಕೊಟ್ಟದ್ದು, ಸಿಂಧು ಅವರ ಬಾಯಲ್ಲಿ ಹಿಂದ್ ಆಯಿತು. ಇವತ್ತಿನ ಹಿಂದಿಗೆ ತಳಪಾಯ ಖಡೀಬೋಲಿ, ಅಂದರೆ ದೆಹಲಿ-ಮೇರಠ್ ಸೀಮೆಯ ಆಡುಮಾತು. ಸಂಸ್ಕೃತಕ್ಕೂ ಇದಕ್ಕೂ ನಡುವೆ ಪ್ರಾಕೃತ, ಅಪಭ್ರಂಶ ಅನ್ನೋ ಹಳೆಯ ಭಾಷೆಗಳನ್ನು ದಾಟಿ ಬಂದದ್ದು. ಉರ್ದುವಿನ ತಳಪಾಯವೂ ಅದೇ. ತುಳಸೀದಾಸರು ರಾಮಚರಿತಮಾನಸ ಬರೆದದ್ದು ಅವಧಿ ಅನ್ನೋ ಭಾಷೆಯಲ್ಲಿ, ಸೂರದಾಸರು ಬರೆದದ್ದು ಬ್ರಜಭಾಷೆಯಲ್ಲಿ, ಖಡೀಬೋಲಿಯಲ್ಲಲ್ಲ. 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜು ಶುರುವಾದ ಮೇಲೆ ಲಲ್ಲೂಲಾಲರು ಅಲ್ಲಿ ಖಡೀಬೋಲಿ ಗದ್ಯ ಬರೆದರು. ನಾಗರಿ ಲಿಪಿಯ ಈ ಪುಸ್ತಕದ ಹಿಂದಿ ಗಟ್ಟಿಯಾಗಿ ನಿಂತದ್ದು ಅಲ್ಲಿಂದೀಚೆಗೆ.

ಇನ್ನು "ಅರ್ಥ ಬದಲಾಗುವುದಿಲ್ಲ" ಅನ್ನೋದು. ನಮ್ಮ ಅವಸರ ಗಡಿಬಿಡಿ, ಅವರ ಅವಸರ್ ಅವಕಾಶ. ನಮ್ಮ ಶಿಕ್ಷೆ ದಂಡನೆ, ಅವರ ಶಿಕ್ಷಾ ವಿದ್ಯೆ. ನಮ್ಮ ಉಪನ್ಯಾಸ ಭಾಷಣ, ಅವರದು ಕಾದಂಬರಿ. ನಮ್ಮ ಅನುಮಾನ ಸಂಶಯ, ಅವರದು ಅಂದಾಜು. ಈ ಏಳು ದಿನದ ಔಷಧ ಕುಡಿದವರ ಉತ್ತರಪತ್ರಿಕೆ ತಿದ್ದಿ ತಿದ್ದಿ ನನ್ನ ಕನ್ನಡಕದ ನಂಬರ್ ಏರಿದೆ.

ಕುಡ್ಲದವ: ಏನೇ ಆಗಲಿ ಮಾರಾಯ್ರೆ, ರಾಷ್ಟ್ರಭಾಷೆ ಅಲ್ವಾ, ಕಲೀಲೇಬೇಕು.

ಮೇಷ್ಟ್ರು: ಅಲ್ಲ. ಸಂವಿಧಾನದ 343ನೇ ವಿಧಿ ಓದಿ. ಕೇಂದ್ರ ಸರ್ಕಾರದ ಆಡಳಿತ ಭಾಷೆ, ಅಷ್ಟೇ.

ಮಂಡ್ಯ ಗೌಡ: ಸರಿಯಾಗ್ ಹೇಳುದ್ರಿ ಸಾ. ಬೆಂಗ್ಳೂರ್ಗೆ ಬಂದೋರು ಹತ್ತು ವರ್ಷ ಆದ್ರೂ "ಕನ್ನಡ ಗೊತ್ತಿಲ್ಲ" ಅಂತಾವ್ರೆ, ನಾವ್ಯಾಕ್ ಕಲೀಬೇಕು?

ಕುಡ್ಲದವ: ನೀವು ಈಗ ಇರುವುದು ಗುರುಗ್ರಾಮದಲ್ಲಿ ಅಲ್ವಾ? ಅಲ್ಲಿ ಹಾಲು ಯಾವ ಭಾಷೆಯಲ್ಲಿ ತರ್ತೀರಿ?

ಮಂಡ್ಯ ಗೌಡ: ಆ್ಯಪಲ್ಲಿ.

ನೋಯ್ಡಾ ಅಮ್ಮ: ಮೇಷ್ಟ್ರೇ, ಮಗ ಮೂರನೇ ಕ್ಲಾಸು, ಹಿಂದಿಯಲ್ಲಿ ಹತ್ತಕ್ಕೆ ಎರಡು. ಕಾಗುಣಿತದ ಮಾತ್ರೆಗಳೆಲ್ಲ ತಪ್ಪು. ಏನು ಮಾಡ್ಲಿ?

ರಾಯಚೂರು ನರ್ಸ್: ಸರ್, ನಾನು ಲಖನೌದಾಗ ಒಂದು ಆಸ್ಪತ್ರ್ಯಾಗ ನರ್ಸ್ ಅದೀನಿ. ನಮ್ಮ ಮನ್ಯಾಗ ದಖ್ಖನಿ, ಅಂದ್ರ ನಮ್ಮ ಕಡೆ ಉರ್ದು, ಮಾತಾಡ್ತೀವಿ. "ನಕ್ಕೋ" (ಬ್ಯಾಡ), "ಹೌ" (ಹೌದು), "ಬಾತಾಂ" (ಮಾತುಗಳು) ಅಂದ್ರ ಸಾಕು, ಜೊತೆಯವರು ಟೂಟೀ-ಫೂಟೀ ಹಿಂದಿ ಅಂತ ನಗ್ತಾರ. ಅದು ಹೋಗ್ಲಿ. ಮೊನ್ನೆ ಒಬ್ಬ ಪೇಷಂಟ್ ಮಗ "ಪರಸೋಂ ಸೇ ಬುಖಾರ್ ಹೈ" ಅಂದ. ನಾನು ಬಾಳ ದಿನದಿಂದ ಅಂತ ಬರ್ದೆ. ಡಾಕ್ಟರ್ ತಿರುಗಿ ಕೇಳಿದ್ರ ಬರೇ ಎರಡು ದಿನ. ನನ್ನ ಹಿಂದಿ ಅಷ್ಟು ಕೆಟ್ಟೈತೇನ್ರಿ?

ಮೇಷ್ಟ್ರು: ತಂಗೀ, ಮೊದಲು ನಗುವವರ ಮಾತು ಮುಗಿಸೋಣ. ನಿಮ್ಮ ಮನೆಯ ಮಾತು ಒಡಕು ಹಿಂದಿ ಅಲ್ಲ, ಇಲ್ಲಿಂದಲೇ ಹೊರಟು ಬೇರೆ ದಾರಿ ಹಿಡಿದದ್ದು. 1327ರಲ್ಲಿ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಎತ್ತಿದಾಗ ಜನರ ಜೊತೆ ದೆಹಲಿಯ ಮಾತೂ ದಕ್ಷಿಣಕ್ಕೆ ಇಳಿಯಿತು. 1347ರಲ್ಲಿ ಕಲಬುರಗಿಯಲ್ಲಿ ಬಹಮನಿಗಳು ಬಂದರು. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾ ತನ್ನ "ಕಿತಾಬ್-ಎ-ನೌರಸ್" ಹಾಡುಗಳನ್ನು ಕಟ್ಟಿದ್ದು ದಖ್ಖನಿಯಲ್ಲಿ. ಫಾರಸಿಯಲ್ಲೇ ಬರೆಯುತ್ತಿದ್ದ ದೆಹಲಿಯ ಕವಿಗಳಿಗೆ ಈ ಮಾತಿನಲ್ಲೂ ಗಜಲ್ ಆಗುತ್ತದೆ ಎಂದು ತೋರಿಸಿದವನು ವಲಿ ದಖ್ಖನಿ. ನಿನ್ನ "ನಕ್ಕೋ" ಮರಾಠಿಯ ನಕೋ. ಇನ್ನು "ಆತೂಂ ಬೋಲ್ಕೆ ಬೋಲ್ಯಾ" ಅಂತೀರಲ್ಲ, ಆ "ಬೋಲ್ಕೆ" ನಮ್ಮ "ಅಂತ"ದ ಅಚ್ಚು: ಬರ್ತೀನಿ ಅಂತ ಹೇಳಿದ. ಉತ್ತರದ ಮಾತು ನಮ್ಮ ಅಂಗಳದಲ್ಲಿ ಆರುನೂರಕ್ಕೂ ಹೆಚ್ಚು ವರ್ಷ ಆಡಿ ನಮ್ಮ ನಡಿಗೆ ಕಲಿತಿದೆ. ನನಗಂತೂ ಅದು ಕೇಳಲಿಕ್ಕೆ ಬಹಳ ಚಂದ.

ಆದರೆ ಜ್ವರದ ವಿಷಯ ನನ್ನನ್ನು ಕೂರಗೊಡಲಿಲ್ಲ. ನಿಮ್ಮ ಕಡೆ ಪರಸೋಂ ಅಂದರೆ ಮೊನ್ನೆಯೂ ಹೌದು, ಹೋದ ತಿಂಗಳೂ ಹೌದು. ಇಲ್ಲಿ ಹಾಗಲ್ಲ: ಸರಿಯಾಗಿ ಮೊನ್ನೆ, ಇಲ್ಲವೇ ನಾಡಿದ್ದು. ಹೌದು, ಎರಡಕ್ಕೂ ಒಂದೇ ಪದ. ಕಲ್ ಕೂಡ ಹಾಗೇ, ನಿನ್ನೆಯೂ ನಾಳೆಯೂ. ಜೊತೆಗೆ ಥಾ (ಇತ್ತು) ಬಂತೋ, ಆಯೇಗಾ (ಬರುತ್ತದೆ) ಬಂತೋ ನೋಡಿ ತಿಳಿಯಬೇಕು. ನರಳುತ್ತಾ ಬಂದವರು ಪೂರ್ತಿ ವಾಕ್ಯ ಎಲ್ಲಿ ಹೇಳುತ್ತಾರೆ? "ಕಲ್ ಕೀ ದವಾ" ಅಂತ ಅರ್ಧ ಹೇಳಿದರೆ ನಿನ್ನೆಯ ಮಾತ್ರೆಯೋ ನಾಳೆಯದೋ? ಆದ್ದರಿಂದ ಕಲ್, ಪರಸೋಂ ನಂಬಬೇಡ. "ಕಿಸ್ ದಿನ್ ಸೇ?" (ಯಾವ ದಿನದಿಂದ?) ಅಂತ ವಾರದ ಹೆಸರು ಕೇಳಿ ಅದನ್ನೇ ಬರೆ. ಗುಳಿಗೆ ಲೆಕ್ಕದಲ್ಲೂ ಹುಷಾರು: ಆಧೀ ಅರ್ಧ, ಡೇಢ್ ಒಂದೂವರೆ, ಢಾಈ ಎರಡೂವರೆ. ಬೆರಳು ತೋರಿಸಿ ಖಾತ್ರಿ ಮಾಡಿಕೋ. ನಾಚಿಕೆ ಬೇಡ.

ರಾಯಚೂರು ನರ್ಸ್: 🙏 ಇವತ್ತು ಸಂಜಿ ಡ್ಯೂಟಿ ಐತಿ, ಹಂಗ ಕೇಳ್ತೀನಿ ಸರ್.

ಬೆಳಗಾವಿ ಟೆಕ್ಕಿ: ಸರ್, ಮೊಸರು ಹುಳಿ ಅನ್ನಾಕ ದಹೀ ಖಟ್ಟಾನೋ ಖಟ್ಟೀನೋ?

ಪಟ್ನಾ ಕನ್ನಡಿಗ: ಖಟ್ಟೀ. ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ ಅನ್ನೋದು.

ಬೆಳಗಾವಿ ಟೆಕ್ಕಿ: ನಿಮ್ಮ ಬೀದಿ ವ್ಯಾಕರಣ ಆತೇನ್ರಿ? ಡಿಕ್ಷನರಿ ತಗದು ನೋಡ್ರಿ.

ಮೇಷ್ಟ್ರು: ಪುಸ್ತಕದಲ್ಲಿ ಪುಲ್ಲಿಂಗ, ಖಟ್ಟಾ. ಪೂರ್ವದ ಕಡೆ ಖಟ್ಟೀ ಅನ್ನುವವರು ಬೇಕಾದಷ್ಟು ಜನ. ಪರೀಕ್ಷೆಗೆ ಖಟ್ಟಾ ಬರೆಯಿರಿ, ಪಟ್ನಾದಲ್ಲಿ ಸುಮ್ಮನೆ ಉಣ್ಣಿರಿ.

ಪಟ್ನಾ ಕನ್ನಡಿಗ: ಅಂದ್ರೆ ಇಲ್ಲಿ ಹುಟ್ಟಿ ಬೆಳೆದವರೆಲ್ಲ ತಪ್ಪು, ಡಿಕ್ಷನರಿ ಸಾಹೇಬರು ಸರಿ!

ಗಾಜಿಯಾಬಾದ್ ಅಂಕಲ್: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಂಚ್ತಿದ್ದೀನಿ. "100 ಹಿಂದಿ ವಾಕ್ಯಗಳು. 1) ನೀವು ಹೇಗಿದ್ದೀರಿ: ತೂ ಕೈಸಾ ಹೈ..."

ಮೇಷ್ಟ್ರು: ಅಳಿಸಿ. ಈಗಲೇ. "ತೂ" ದೇವರಿಗೆ, ತಾಯಿಗೆ, ಎಳೆಯರಿಗೆ, ಕುಚಿಕು ಗೆಳೆಯರಿಗೆ. ಜಗಳಕ್ಕೂ ಅದೇ. ಮನೆ ಮಾಲೀಕರಿಗೆ ಹೀಗಂದರೆ ತಿಂಗಳ ಕೊನೆಗೆ ಬೇರೆ ಮನೆ ಹುಡುಕಬೇಕಾದೀತು. ಹಿರಿಯರಿರಲಿ, ಅಪರಿಚಿತರಿರಲಿ, ತರಕಾರಿ ಗಾಡಿಯವರಿರಲಿ, "ಆಪ್ ಕೈಸೇ ಹೈಂ?" ಉಳಿದ 99 ನಾನು ನೋಡಲ್ಲ.

ಗಾಜಿಯಾಬಾದ್ ಅಂಕಲ್: ಒಳ್ಳೇದು ಮಾಡಕ್ಕೆ ಹೋದ್ರೆ ಹೀಗೆ ಮರ್ಯಾದೆ ತೆಗೀತೀರಲ್ಲ.

ನೋಯ್ಡಾ ಅಮ್ಮ: ಮೇಷ್ಟ್ರೇ, ನನ್ನ ಪ್ರಶ್ನೆ ನೋಡಿದ್ರಾ? ಮಗಂದು?

ಹೊಸಬ: ನಮಸ್ಕಾರ, ಈಗಷ್ಟೇ ಸೇರಿದೆ. ಹಿಂದಿ ನಮ್ಮ ರಾಷ್ಟ್ರಭಾಷೆ ಆಗಿದ್ದು ಯಾವ ವರ್ಷ ಸರ್?

ಮೇಷ್ಟ್ರು: ಮೇಲೆ ಓದಿ.

ಮಂಡ್ಯ ಗೌಡ: ಇನ್ನೊಬ್ ಬಂದ.

ಅಡ್ಮಿನ್: ಗೌಡ್ರೇ, ಸಾಕು. ಪಟ್ನಾದವರೇ, ಮೊಸರಿನ ಸ್ಕ್ರೀನ್‌ಶಾಟ್ ಐದಾಯ್ತು.

ರಾಯಚೂರು ನರ್ಸ್: ಸರ್, ಈಗ ಒಬ್ಬರು ಬಂದಿದ್ರು. ಮತ್ತ "ಪರಸೋಂ ಸೇ" ಅಂದ್ರು. ಕಿಸ್ ದಿನ್ ಸೇ ಅಂತ ಕೇಳ್ದೆ. "ಜುಮೇ ಸೇ" ಅಂದ್ರು. ಶುಕ್ರವಾರ ಅಂತ ಬರ್ಕೊಂಡೆ.

ಮೇಷ್ಟ್ರು: ಶಾಭಾಶ್ ತಂಗಿ. ನಾನಿನ್ನು ಮಲಗುತ್ತೇನೆ.

ಪಟ್ನಾ ಕನ್ನಡಿಗ: ಮಲಗೋಕ್ ಮುಂಚೆ ಮೊಸರಿಂದು ಒಂದು ಇತ್ಯರ್ಥ ಮಾಡಿ ಹೋಗಿ ಮೇಷ್ಟ್ರೇ.