ಏರು ಹತ್ತುವಾಗ ಎಂಜಿನ್‌ನಿಂದ ಟಣಟಣ ಸದ್ದು: ಟ್ಯಾಪೆಟ್ ಅಲ್ಲದಿದ್ದರೆ ಮತ್ತೇನು?

ಯಲಹಂಕದ ಸವಾರ:
ನನ್ನದು ಕಾರ್ಬುರೇಟರ್ ಇರುವ ಹಳೆಯ 150 ಸಿಸಿ ಬೈಕ್. ನಂದಿ ಬೆಟ್ಟದ ತಿರುವುಗಳಲ್ಲಿ ನಾಲ್ಕನೇ ಗೇರ್‌ನಲ್ಲೇ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೆ ಸಿಲಿಂಡರಿನಿಂದ ಟಣಟಣ ಸದ್ದು ಬರುತ್ತದೆ. ಗೇರ್ ಇಳಿಸಿದರೆ ಕಡಿಮೆಯಾಗುತ್ತದೆ, ಗಾಡಿ ನಿಲ್ಲಿಸಿ ಐಡಲ್‌ನಲ್ಲಿ ಬಿಟ್ಟರೆ ಸದ್ದೇ ಇಲ್ಲ. ಮೆಕ್ಯಾನಿಕ್ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸರಿಮಾಡಿಕೊಟ್ಟರು, ಪ್ರಯೋಜನವಾಗಲಿಲ್ಲ. ಮೊದಲಿನಷ್ಟು ವೇಗವೂ ಬರುತ್ತಿಲ್ಲ. ಪೆಟ್ರೋಲ್ ಕಲಬೆರಕೆ ಇರಬಹುದೇ?

ಬಸವನಗುಡಿ ಗ್ಯಾರೇಜ್:
ಟ್ಯಾಪೆಟ್ ಸದ್ದಾಗಿದ್ದರೆ ಐಡಲ್‌ನಲ್ಲೂ ಕೇಳಿಸಬೇಕಿತ್ತು. ಭಾರ ಬಿದ್ದಾಗ ಮಾತ್ರ ಬರುವ ಇದು ನಾಕಿಂಗ್. ದಯವಿಟ್ಟು ಹಾಗೆಯೇ ಓಡಿಸುತ್ತಿರಬೇಡಿ, ಪಿಸ್ಟನ್ ತಲೆ ತೂತು ಬೀಳುವವರೆಗೂ ಹೋಗಬಹುದು.

ಸಿಲಿಂಡರಿನಲ್ಲಿ ಪೆಟ್ರೋಲ್ ಸಿಡಿಯುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಆರೋಗ್ಯವಾಗಿರುವ ಎಂಜಿನ್‌ನಲ್ಲಿ ಏನೂ ಸಿಡಿಯುವುದಿಲ್ಲ, ಉರಿಯುತ್ತದೆ. ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲೇ ಪ್ಲಗ್ ಕಿಡಿ ಹಾರಿಸುತ್ತದೆ. ಅಲ್ಲಿಂದ ಜ್ವಾಲೆ, ಒಣಹುಲ್ಲಿಗೆ ತಗುಲಿದ ಬೆಂಕಿಯಂತೆ, ಆಚೆಯ ಅಂಚಿಗೆ ಹರಿಯುತ್ತದೆ. 3000 ಆರ್‌ಪಿಎಂನಲ್ಲಿ ಇಷ್ಟಕ್ಕೂ ಹಿಡಿಯುವುದು ಎರಡು ಮೂರು ಮಿಲಿಸೆಕೆಂಡು. ಪಿಸ್ಟನ್ ಇಳಿಯತೊಡಗಿ, ಅದು ತಿರುಗಿಸುವ ಕ್ರ್ಯಾಂಕ್ ದಂಡ ಮೇಲ್ತುದಿಯಿಂದ ಸುಮಾರು 15 ಡಿಗ್ರಿ ದಾಟುವಾಗ ಒತ್ತಡ ಶಿಖರಕ್ಕೇರಿದರೆ ಶಕ್ತಿ ಪೂರ್ತಿ ದಕ್ಕುತ್ತದೆ.

ಜ್ವಾಲೆ ಇನ್ನೂ ತಲುಪದ ಮೂಲೆಯ ಪೆಟ್ರೋಲ್-ಗಾಳಿ ಮಿಶ್ರಣ ಒತ್ತಡ ಮತ್ತು ಬಿಸಿಗೆ ಸಿಕ್ಕಿ ತಾನಾಗಿ, ಒಮ್ಮೆಲೇ ಹೊತ್ತಿಕೊಂಡರೆ ಒತ್ತಡದ ಅಲೆಗಳು ಗೋಡೆಗೆ ಬಡಿಯುತ್ತವೆ. ನಿಮಗೆ ಕೇಳಿಸುತ್ತಿರುವುದು ಅದೇ. ಆರ್‌ಪಿಎಂ ಕಡಿಮೆಯಿದ್ದಷ್ಟೂ ಆ ಮೂಲೆ ಕಾಯುವ ಹೊತ್ತು ಹೆಚ್ಚು. ಗೇರ್ ಇಳಿಸಿದಾಗ ಸದ್ದು ತಗ್ಗುವುದು ಅದಕ್ಕೇ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತೆಳುವಾಗಿರುವ ಇಲ್ಲಿ ನಾಕಿಂಗ್ ಕಡಿಮೆಯೇ ಇರಬೇಕು, ನಂದಿಯ ಮೇಲಂತೂ ಇನ್ನೂ ಕಡಿಮೆ. ಆದರೂ ಬರುತ್ತಿದೆಯೆಂದರೆ ದೋಷ ಗಾಡಿಯಲ್ಲೇ ಇರುವ ಸಾಧ್ಯತೆ ಹೆಚ್ಚು. ಪ್ಲಗ್ ಬಿಚ್ಚಿ ಪಿಂಗಾಣಿಯ ಬಣ್ಣ ನೋಡಿ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಅರ್ಧ ಎಳೆದು, ಸ್ವಲ್ಪ ದೂರ ಮಾತ್ರ, ಏರು ಹತ್ತಿ ನೋಡಿ.

ಯಲಹಂಕದ ಸವಾರ:
ಪಿಂಗಾಣಿ ಅಚ್ಚ ಬಿಳಿ. ಚೋಕ್ ಎಳೆದಾಗ ಸದ್ದು ಬಹುತೇಕ ನಿಂತಿತು!

ಬಸವನಗುಡಿ ಗ್ಯಾರೇಜ್:
ಹಾಗಾದರೆ ಪೆಟ್ರೋಲ್ ಸಾಲುತ್ತಿಲ್ಲ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಎಂಬುದು ಲೆಕ್ಕ. ಪೂರ್ತಿ ಭಾರದಲ್ಲಿ ಪೆಟ್ರೋಲ್ ಅದಕ್ಕಿಂತ ಹೆಚ್ಚು ಬೇಕು. ಅದು ಆವಿಯಾಗುತ್ತ ಒಳಗಿನ ಬಿಸಿಯನ್ನೂ ಹೀರುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರೆತ ಎಥನಾಲ್ ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಳತೆ) ಹೆಚ್ಚಿಸಿದರೂ ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣವನ್ನು ಇನ್ನಷ್ಟು ತೆಳುವಾಗಿಸುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ ಮೇನ್ ಜೆಟ್ ಬಿಚ್ಚಿಸಿ ಗಾಳಿ ಊದಿಸಿ. ತಂತಿಯಿಂದ ಚುಚ್ಚಲು ಬಿಡಬೇಡಿ, ರಂಧ್ರದ ಅಳತೆ ಕೆಡುತ್ತದೆ.

ಯಲಹಂಕದ ಸವಾರ:
ಜೆಟ್‌ನಲ್ಲಿ ಟ್ಯಾಂಕಿನ ತುಕ್ಕಿನ ಪುಡಿ ಕೂತಿತ್ತು. ಸ್ವಚ್ಛಗೊಳಿಸಿ, ಜೆ.ಸಿ. ರಸ್ತೆಯಿಂದ ಹೊಸ ಪೆಟ್ರೋಲ್ ಫಿಲ್ಟರ್ ತಂದು ಹಾಕಿಸಿದೆ. ಸದ್ದಿಲ್ಲ, ವೇಗವೂ ಮರಳಿದೆ. ತುಂಬಾ ಉಪಕಾರವಾಯಿತು ಸರ್.

ಕೋರಮಂಗಲದ ಓದುಗ:
ನನ್ನ ಗಾಡಿಯಲ್ಲೂ ಇದೇ ಸದ್ದು. 95 ಆಕ್ಟೇನ್ ಪೆಟ್ರೋಲ್ ಹಾಕಿದರೆ ಸಾಲದೇ?

ಬಸವನಗುಡಿ ಗ್ಯಾರೇಜ್:
ಸದ್ದು ಅಡಗಬಹುದು, ದೋಷ ಹಾಗೆಯೇ ಉಳಿಯುತ್ತದೆ. ಮೊದಲು ಪ್ಲಗ್ ನೋಡಿ. ಮಸಿ ಹಿಡಿದಿದ್ದರೆ ಪೆಟ್ರೋಲ್ ಕೊರತೆಯಿಲ್ಲ, ಜೆಟ್ ಮುಟ್ಟಬೇಡಿ. ಪಿಸ್ಟನ್ ಮೇಲೆ ಕಾರ್ಬನ್ ಕಟ್ಟಿರಬಹುದು, ಅದಕ್ಕೆ ಹೆಡ್ ಬಿಚ್ಚಿಸಿ ನೋಡಬೇಕು. ಪ್ಲಗ್‌ನ ಚಿತ್ರ ಹಾಕಿ.