ಕಳ್ಳನ ಕೈಗೆ ಬೀಗದ ಕೈ

ಪುಟ್ಟ, ನಿನ್ನ ಮೆಸೇಜ್ ಈಗ ನೋಡಿದೆ. "ದೊಡ್ಡಪ್ಪ, ಓಟಾನಿ ಒಂದೇ ವರ್ಷದಲ್ಲಿ ಐವತ್ತು ಹೋಮ್ ರನ್ ಹೊಡೆದು ಐವತ್ತು ಬೇಸ್ ಕದ್ದಿದ್ದಾನೆ, ಅವನೇ ಎಲ್ಲರಿಗಿಂತ ದೊಡ್ಡವನು, ಇನ್ನು ನಿಮ್ಮ ರಿಕಿ ಹೆಂಡರ್ಸನ್ ಪುರಾಣ ಸಾಕು" ಅಂತ ಬರೆದಿದ್ದೀಯ. ಗ್ರೂಪಿನಲ್ಲಿ ಗೊತ್ತಿಲ್ಲದವರಿಗೆ: ಇಬ್ಬರೂ ಅಮೆರಿಕದ ಬೇಸ್‌ಬಾಲ್ ಲೀಗಿನ ಆಟಗಾರರು, ಓಟಾನಿ ಈಗಿನವನು, ರಿಕಿ ನನ್ನ ಕಾಲದವನು. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ. ನಿಮ್ಮಪ್ಪ ಅದಕ್ಕೆ ನಗುವ ಇಮೋಜಿ ಬೇರೆ ಹಾಕಿದ್ದಾನೆ. ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಮಾತಾಡಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತೆ. ಬೇಜಾರಾದವರು ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿ.

ಓಟಾನಿ ಬಗ್ಗೆ ನನ್ನದು ತಕರಾರಿಲ್ಲ. 2024ರಲ್ಲಿ 54 ಹೋಮ್ ರನ್, 59 ಬೇಸ್ ಕಳ್ಳತನ. ಅಂಥದ್ದನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. 2025ರ ಅಕ್ಟೋಬರಿನಲ್ಲಿ ಮಿಲ್ವಾಕಿ ವಿರುದ್ಧ ಒಂದು ರಾತ್ರಿ ಪಿಚರ್ ಆಗಿ, ಅಂದರೆ ಬಾಲ್ ಎಸೆಯುವವನಾಗಿ, ಎಸೆತದಿಂದಲೇ ಹತ್ತು ಜನರನ್ನು ಔಟ್ (ಸ್ಟ್ರೈಕ್‌ಔಟ್) ಮಾಡಿದ, ಅದೇ ಮ್ಯಾಚಿನಲ್ಲಿ ಮೂರು ಹೋಮ್ ರನ್ ಹೊಡೆದ. ನಾನು ಅವನ ಡಾಡ್ಜರ್ಸ್ ತಂಡವನ್ನು ಕಂಡರೆ ಆಗದವನು. ಆದರೂ ಸೋಫಾ ಬಿಟ್ಟು ಎದ್ದು ಚಪ್ಪಾಳೆ ಹೊಡೆದೆ.

ನನ್ನ ಜಗಳ ಇರುವುದು ಆ 59ರ ಜೊತೆ ಮಾತ್ರ.

ಬೇಸ್ ಕದಿಯುವುದು ಅಂದರೆ ಏನು ಅಂತ ಅತ್ತೆಯವರೆಲ್ಲ ಕೇಳಬಹುದು. ಬೇಸ್ ಅಂದರೆ ರನ್ ಮಾಡಲು ಓಡುವವನು ಒಂದೊಂದಾಗಿ ಮುಟ್ಟಬೇಕಾದ ಚೌಕ. ಕ್ರಿಕೆಟ್ಟಿನಲ್ಲಿ ಬೌಲರ್ ಕೈಯಿಂದ ಬಾಲ್ ಬಿಡುವ ಮೊದಲೇ ಆ ಕಡೆಯವನು ಕ್ರೀಸ್ ಬಿಟ್ಟು ಮುಂದೆ ಹೋಗುತ್ತಾನಲ್ಲ? 2019ರ ಐಪಿಎಲ್‌ನಲ್ಲಿ ಅಶ್ವಿನ್ ಬಟ್ಲರ್‌ನನ್ನು ಹಾಗೆ ಔಟ್ ಮಾಡಿದಾಗ ಇದೇ ಗ್ರೂಪಿನಲ್ಲಿ ಎರಡು ದಿನ ಕಿತ್ತಾಡಿದ್ದೆವು. ಬೇಸ್‌ಬಾಲಿನಲ್ಲಿ ಅದು ತಪ್ಪಲ್ಲ, ಅದೊಂದು ವಿದ್ಯೆ. ಬೇಸ್ ಬಿಟ್ಟು ಎಷ್ಟು ಮುಂದೆ ನಿಲ್ಲುವ ಧೈರ್ಯ ನಿನಗಿದೆ, ಅಷ್ಟು ನಿಲ್ಲು. ಪಿಚರ್ ಬ್ಯಾಟರ್ ಕಡೆ ಎಸೆಯಲು ಹೊರಟ ಕ್ಷಣ ಓಡು. ಮುಂದಿನ ಬೇಸಿಗೆ 90 ಅಡಿ. ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಎಸೆದ ಬಾಲ್ ನಿನಗಿಂತ ಮೊದಲು ತಲುಪಿದರೆ ಮುಗಿಯಿತು.

ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದದ್ದು 1987ರಲ್ಲಿ. ರಿಕಿ 1989ರಲ್ಲಿ ನ್ಯೂಯಾರ್ಕ್ ತಂಡದಿಂದ ಹತ್ತಿರದ ಓಕ್ಲೆಂಡ್ ತಂಡಕ್ಕೆ ವಾಪಸ್ ಬಂದ, ತಾನು ಬೆಳೆದ ಊರಿಗೆ. ಬಾರ್ಟ್ ರೈಲಿನಲ್ಲಿ ಕೊಲಿಸಿಯಂ ಸ್ಟೇಷನ್ನಿಗೆ ಹೋಗಿ, ಸೇತುವೆ ದಾಟಿ, ಸ್ಟೇಡಿಯಮ್ಮಿನ ಕಡಿಮೆ ದುಡ್ಡಿನ ಸೀಟಿನಲ್ಲಿ ಕೂರುತ್ತಿದ್ದೆ. ಅವನು ಮೊದಲ ಬೇಸಿಗೆ ಬಂದರೆ ಸಾಕು, ಬೀರು ತರಲು ಎದ್ದವರೂ ಕೂರುತ್ತಿದ್ದರು. ಒಂದೊಂದೇ ಹೆಜ್ಜೆ ಮುಂದೆ ಇಡುತ್ತಿದ್ದ. ಮೊಣಕಾಲು ಬಗ್ಗಿಸಿ, ಎರಡೂ ಕೈ ಇಳಿಬಿಟ್ಟು, ಬೆರಳು ಆಡಿಸುತ್ತಿದ್ದ, ತಬಲಾ ಮುಟ್ಟುವ ಮೊದಲು ಬೆರಳು ಸಡಿಲ ಮಾಡಿಕೊಳ್ಳುವ ಹಾಗೆ. ಇವನನ್ನು ಔಟ್ ಮಾಡಲು ಪಿಚರ್ ತಿರುಗಿ ಮೊದಲ ಬೇಸಿಗೆ ಎಸೆಯುತ್ತಿದ್ದ. ಇವನು ಹಾರಿ ಬೇಸ್ ಮುಟ್ಟಿ, ಎದ್ದು, ಮಣ್ಣು ಕೊಡವಿಕೊಂಡು ಮತ್ತೆ ಅದೇ ಜಾಗಕ್ಕೆ. ಮತ್ತೆ ಎಸೆತ. ಮತ್ತೆ ಅದೇ ಜಾಗ. ಎದುರಾಳಿಗೆ ಗೊತ್ತು, ನಮಗೆ ಗೊತ್ತು, ಕಡಲೆಕಾಯಿ ಮಾರುವವನಿಗೂ ಗೊತ್ತು, ಇವನು ಕದಿಯುತ್ತಾನೆ ಅಂತ. ಆದರೂ ಕದಿಯುತ್ತಿದ್ದ.

1991ರ ಮೇ 1ರಂದು ರಿಕಿ, ಹಳೆಯ ಆಟಗಾರ ಲೂ ಬ್ರಾಕ್ ಅವರ 938 ಕಳ್ಳತನಗಳ ದಾಖಲೆ ಮುರಿದು, ಮೂರನೇ ಬೇಸನ್ನೇ ಕಿತ್ತು ತಲೆಯ ಮೇಲೆ ಎತ್ತಿ ಹಿಡಿದ. ಬ್ರಾಕ್ ಅಲ್ಲೇ ಇದ್ದರು. ಅವರ ಎದುರಿಗೇ ಮೈಕ್ ಹಿಡಿದು, ಇವತ್ತಿಗೆ ಎಲ್ಲರಿಗಿಂತ ದೊಡ್ಡವನು ನಾನೇ ಅಂದ. ಜಂಬದ ಕೋಳಿ ಅಂತ ಬೈದವರು ಬಹಳ ಜನ. ನಾನು? ಬುಧವಾರ ಮಧ್ಯಾಹ್ನ, ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದೆ. ಆ ಮೀಟಿಂಗ್ ಯಾವುದರ ಬಗ್ಗೆ ಅಂತ ಇವತ್ತು ನೆನಪಿಲ್ಲ, ಹೊಟ್ಟೆ ಉರಿ ಮಾತ್ರ ಇದೆ. ಅದೇ ರಾತ್ರಿ ಟೆಕ್ಸಾಸಿನಲ್ಲಿ 44 ವರ್ಷದ ಪಿಚರ್ ನೋಲನ್ ರಯಾನ್ ತನ್ನ ಏಳನೇ ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಸಿಗದ ಮ್ಯಾಚ್) ಎಸೆದರು. ಎರಡೂ ಒಂದೇ ದಿನ, ಎರಡೂ ಟೀವಿಯ ಸುದ್ದಿಯಲ್ಲಿ!

ನೀನು ಎಕ್ಸೆಲ್ ಮನುಷ್ಯ. 1982ರಲ್ಲಿ ರಿಕಿ 130 ಕದ್ದದ್ದು ನಿಜ, ಆದರೆ 42 ಸಲ ಸಿಕ್ಕಿಬಿದ್ದನಲ್ಲ, ಓಟಾನಿ ಸಿಕ್ಕಿಬಿದ್ದದ್ದು ಬರೀ ನಾಲ್ಕು ಸಲ ಅನ್ನುತ್ತೀಯ. ಗೊತ್ತಪ್ಪ. ಆ ಲೆಕ್ಕವನ್ನು ಜೋರಾಗಿ ಹೇಳಿದ್ದೂ ನನ್ನ ಓಕ್ಲೆಂಡ್ ತಂಡವೇ! ದುಡ್ಡಿಲ್ಲದ ತಂಡ, 2002ರಲ್ಲಿ ಲೆಕ್ಕ ಹಾಕಿ ಆಡಿ ಸತತ 20 ಮ್ಯಾಚ್ ಗೆದ್ದಿತು. ಒಂದು ಔಟಿನ ಬೆಲೆ ಒಂದು ಬೇಸಿಗಿಂತ ಜಾಸ್ತಿ, ಸುಮ್ನೆ ಓಡಬೇಡಿ ಅಂದರು. ಎಲ್ಲ ತಂಡಗಳೂ ಅದನ್ನೇ ಕಲಿತವು. ಲೆಕ್ಕ ಸರಿಯಾಗಿತ್ತು, ಆಟ ಸಪ್ಪೆಯಾಯಿತು.

ಆ ಕಾಲದಲ್ಲೂ ಒಂದು ಕಳ್ಳತನ ಇತಿಹಾಸ ಮಾಡಿತು ನೋಡು. 2004, ಏಳು ಮ್ಯಾಚಿನ ಸರಣಿಯಲ್ಲಿ ಬಾಸ್ಟನ್ ತಂಡ ನ್ಯೂಯಾರ್ಕಿನ ಯಾಂಕೀಸ್ ಎದುರು ಮೂರು ಮ್ಯಾಚ್ ಸೋತಿದೆ, ನಾಲ್ಕನೆಯದರ ಒಂಬತ್ತನೇ ಇನ್ನಿಂಗ್ಸ್, ಒಂದು ರನ್ ಹಿಂದೆ. ಮೊದಲ ಬೇಸಿನಲ್ಲಿ ಡೇವ್ ರಾಬರ್ಟ್ಸ್, ಅವನನ್ನು ಕರೆಸಿದ್ದೇ ಕದಿಯುವುದಕ್ಕೆ. ಪಿಚರ್ ಮರಿಯಾನೊ ರಿವೆರಾ ಮೊದಲ ಬೇಸಿಗೆ ಒಂದು ಸಲ ಎಸೆದ, ಎರಡು ಸಲ ಎಸೆದ, ಮೂರನೇ ಸಲವೂ ಎಸೆದ. ಆಮೇಲೆ ಬ್ಯಾಟರ್‌ಗೆ ಹಾಕಿದ ಮೊದಲ ಬಾಲಿಗೇ ರಾಬರ್ಟ್ಸ್ ಓಡಿ ಕದ್ದ. ಬಾಸ್ಟನ್ ಉಳಿದ ನಾಲ್ಕೂ ಮ್ಯಾಚ್ ಗೆದ್ದು, ಆಮೇಲೆ 1918ರ ನಂತರ ಮೊದಲ ಸಲ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್, ಗೆದ್ದಿತು. ಆ ರಾಬರ್ಟ್ಸೇ ಈಗ ನಿನ್ನ ಓಟಾನಿಯ ಮ್ಯಾನೇಜರ್.

ಈಗ ನನ್ನ ಪಾಯಿಂಟ್. 2023ರಲ್ಲಿ ನಿಯಮ ಬದಲಾಯಿತು. ಬೇಸಿನ ಅಗಲ 15 ಇಂಚಿನಿಂದ 18ಕ್ಕೆ ಹೋಯಿತು. ಅದು ಪರವಾಗಿಲ್ಲ. ಇಷ್ಟೇ ಹೊತ್ತಿನಲ್ಲಿ ಎಸೆಯಬೇಕು ಅಂತ ಪಿಚರ್‌ಗೆ ಗಡಿಯಾರ ಹಾಕಿದರು. ಅದಂತೂ ಬಹಳ ಒಳ್ಳೆಯದು, ಮೂರು ಗಂಟೆ ದಾಟುತ್ತಿದ್ದ ಮ್ಯಾಚ್ ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿಯಿತು. ಮುಂಚೆ ಒಬ್ಬೊಬ್ಬರು ಗ್ಲೌಸ್ ಬಿಚ್ಚಿ ಕಟ್ಟುವಷ್ಟರಲ್ಲಿ ನಾನೊಂದು ಕಾಫಿ ಮಾಡಿಕೊಂಡು ಬರುತ್ತಿದ್ದೆ. ಆದರೆ ಮೂರನೆಯದು ಇದೆಯಲ್ಲ, ಒಬ್ಬ ಬ್ಯಾಟರ್ ಇರುವಷ್ಟು ಹೊತ್ತು ಎರಡು ಸಲ ಮಾತ್ರ ಹಾಗೆ ಬೇಸಿಗೆ ಎಸೆಯಬಹುದು. ಮೂರನೇ ಸಲ ಎಸೆದು ಔಟ್ ಆಗದಿದ್ದರೆ ಓಟಗಾರನಿಗೆ ಮುಂದಿನ ಬೇಸ್ ಪುಕ್ಕಟೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ಈ ನಿಯಮ 2004ರಲ್ಲಿ ಇದ್ದಿದ್ದರೆ ರಿವೆರಾ ಮೂರನೇ ಸಲ ಎಸೆದಾಗಲೇ ರಾಬರ್ಟ್ಸ್ ನಡೆದುಕೊಂಡು ಹೋಗಿ ಎರಡನೇ ಬೇಸಿನಲ್ಲಿ ನಿಲ್ಲುತ್ತಿದ್ದ. ಆ ಕಥೆಯೇ ಇರುತ್ತಿರಲಿಲ್ಲ ಕಣೋ.

2022ರಲ್ಲಿ ಎಲ್ಲ ತಂಡಗಳೂ ಸೇರಿ ಕದ್ದದ್ದು 2,486. ಮರುವರ್ಷ 3,503. ಆಟಗಾರರು ಒಂದೇ ಚಳಿಗಾಲದಲ್ಲಿ ಅಷ್ಟು ಚುರುಕಾದರಾ? 2025ರಲ್ಲಿ ಜಾಶ್ ನೇಯ್ಲರ್ 30 ಕದ್ದ. ದಪ್ಪ ಆಳು, ಓಟದಲ್ಲಿ ಲೀಗಿನ ಅತಿ ನಿಧಾನದವರ ಸಾಲು. ಅವನ ಚಾಣಾಕ್ಷತೆಗೆ ನಾನು ಫಿದಾ, ಅದು ಬೇರೆ ಮಾತು. ಮ್ಯಾಚ್ ಟೈ ಆದಾಗ ಆಡುವ ಎಕ್ಸ್‌ಟ್ರಾ ಇನ್ನಿಂಗ್ಸಿನಲ್ಲಂತೂ ಇನ್ನೂ ಅನ್ಯಾಯ, ಏನೂ ಮಾಡದವನನ್ನು ಸುಮ್ನೆ ಎರಡನೇ ಬೇಸಿನ ಮೇಲೆ ತಂದು ನಿಲ್ಲಿಸುತ್ತಾರೆ. ಕದಿಯುವ ಕಷ್ಟವೂ ಬೇಡ!

ಹಾಗಾಗಿ ಹೊಡೆಯುವುದು, ಎಸೆಯುವುದು ಎರಡೂ ಸೇರಿದರೆ ಓಟಾನಿ ದೊಡ್ಡವನು, ಒಪ್ಪಿದೆ. ಕದಿಯುವ ಮಾತಿಗೆ ಮಾತ್ರ ಅವನ ಹೆಸರು ಎತ್ತಬೇಡ. ರಿಕಿಯದು ಒಟ್ಟು 1,406. ಎರಡನೆಯವರು ಇವತ್ತಿಗೂ ಅದೇ ಬ್ರಾಕ್, ಅದೇ 938.

2024ರ ಸೆಪ್ಟೆಂಬರ್ 26ಕ್ಕೆ ಓಕ್ಲೆಂಡಿನಲ್ಲಿ ನಮ್ಮ ತಂಡದ ಕೊನೆಯ ಮ್ಯಾಚ್. ನಾನೂ ನಿನ್ನ ದೊಡ್ಡಮ್ಮನೂ ಹೋಗಿದ್ದೆವು. 46,889 ಜನ. ರಿಕಿ ಅತಿಥಿಯಾಗಿ ಬಂದು ಶಾಸ್ತ್ರಕ್ಕೆ ಮೊದಲ ಬಾಲ್ ಎಸೆದ. 3-2ರಲ್ಲಿ ಗೆದ್ದೆವು, ತಂಡ ಗಂಟುಮೂಟೆ ಕಟ್ಟಿತು, ಈಗ ಸ್ಯಾಕ್ರಮೆಂಟೊದಲ್ಲಿ ಆಡುತ್ತಿದೆ. ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 20ಕ್ಕೆ, ರಿಕಿಯೂ ಹೋದ. ಇನ್ನು ಐದು ದಿನಕ್ಕೆ 66 ತುಂಬುತ್ತಿತ್ತು.

ಆವತ್ತು ಮ್ಯಾಚ್ ಮುಗಿದ ಮೇಲೆ ಮೈದಾನದ ಮಣ್ಣು ಕೊಡುತ್ತಿದ್ದರು. ನಮ್ಮ ಹತ್ತಿರ ಇದ್ದದ್ದು ದೊಡ್ಡಮ್ಮ ಅವಲಕ್ಕಿ ತಂದಿದ್ದ ಸ್ಟೀಲ್ ಡಬ್ಬಿ ಒಂದೇ. ಅದರಲ್ಲೇ ತುಂಬಿಸಿಕೊಂಡೆ. ಮೊದಲ ಬೇಸಿನ ಪಕ್ಕದ ಮಣ್ಣು ಅಂತಲೇ ನನ್ನ ನಂಬಿಕೆ, ಯಾರೂ ಹಾಗೆ ಹೇಳಲಿಲ್ಲ. ಡಬ್ಬಿ ವಾಪಸ್ ಕೊಡಿ ಅಂತ ಇವಳು ಇನ್ನೂ ಕೇಳುತ್ತಲೇ ಇದ್ದಾಳೆ. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಇಟ್ಟು, ಮುಚ್ಚಳದ ಮೇಲೆ ಚೀಟಿ ಅಂಟಿಸಿದ್ದೇನೆ: ಚಟ್ನಿಪುಡಿ ಅಲ್ಲ.