ಓದುಗರ ಸ್ಪಂದನ: ತೋಟ ಮಾರಿ ಮಗಳನ್ನು ಜರ್ಮನಿಗೆ ಕಳಿಸಲೇ?

ದಾವಣಗೆರೆ ಕಡೆಯ ತಂದೆಯೊಬ್ಬರು ಕಳೆದ ಸಂಚಿಕೆಗೆ ಬರೆದಿದ್ದರು. ಮಗಳು ಬಿ.ಇ. ಕೊನೆಯ ವರ್ಷದಲ್ಲಿದ್ದಾಳೆ. ಜರ್ಮನಿಯಲ್ಲಿ ಎಂ.ಎಸ್. ಮಾಡುವ ಆಸೆ. ಏಜೆಂಟ್ 30 ಲಕ್ಷ ಬೇಕು ಅಂದಿದ್ದಾನೆ. ಇರುವುದು ಎರಡೂವರೆ ಎಕರೆ ಅಡಿಕೆ ತೋಟ. ಅಡ ಇಡಲೇ, ಮಾರಲೇ, ಬೇಡ ಅನ್ನಲೇ? ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. —ಸಂ.

ಅಣ್ಣಾ, ನಿಮ್ಮ ಪತ್ರ ನಮ್ಮಪ್ಪನೇ ಬರೆದ ಹಾಗಿತ್ತು. 2013ರಲ್ಲಿ ನನಗೂ ಹೊರದೇಶದಲ್ಲಿ ಸೀಟು ಸಿಕ್ಕಿತ್ತು. ಅಪ್ಪ ಪಹಣಿ ಹಿಡಿದು ಬ್ಯಾಂಕಿಗೆ ಹೋದರು. ಓದಿನ ಸಾಲಕ್ಕೆ ಹೊಲ, ತೋಟ ಅಡ ಇಟ್ಟುಕೊಳ್ಳುವುದಿಲ್ಲ ಅಂದರು. ಮನೆ ಇಡೋಣ ಅಂದರೆ ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇತ್ತು. ದೊಡ್ಡಪ್ಪ, ಅತ್ತೆಯಂದಿರು ಎಲ್ಲರೂ ಸಹಿ ಹಾಕಬೇಕು. "ಹುಡುಗಿ ಅಲ್ಲೇ ಉಳಿದರೆ ಮನೆ ಗತಿಯೇನು?" ಅಂದರು ದೊಡ್ಡಪ್ಪ. ಅವರನ್ನು ಒಪ್ಪಿಸುವಷ್ಟರಲ್ಲಿ ಸೀಟಿನ ಗಡುವು ಮುಗಿದಿತ್ತು. ಅಪ್ಪ ಆ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ಒಳ್ಳೆಯ ಕೆಲಸವಿದೆ, ಸಂಸಾರವಿದೆ. ಆದರೂ ಯಾರನ್ನಾದರೂ ಏರ್‌ಪೋರ್ಟಿಗೆ ಬಿಟ್ಟು ಬಾ ಅಂದರೆ ಏನೋ ನೆವ ಹೇಳುತ್ತೇನೆ. ತೋಟದ ಮಾತು ಆಮೇಲೆ. ಮೊದಲು ಮನೆ ಕಾಗದ ತೆಗೆದು ನೋಡಿ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿದೆಯಾ? ಪಂಚಾಯ್ತಿ ಜಾಗವಾದರೆ ಇ-ಸ್ವತ್ತು ಆಸ್ತಿ ದಾಖಲೆ, ಅಂದರೆ ಫಾರಂ 9, 11 ಇವೆಯಾ? ಸೀಟು ಬಂದ ಮೇಲೆ ಓಡಾಡಿದರೆ ಆಗುವ ಕೆಲಸವಲ್ಲ ಇದು.
—ಓದುಗಿ, ಶಿರಸಿ

ಮಗಳ ಮದುವೆಗಾಗಿ ತೋಟ ಮಾರಬೇಕಾಗಿದ್ದರೆ ಪತ್ರಿಕೆಗೆ ಬರೆದು ಕೇಳುತ್ತಿದ್ದಿರಾ?
—ಹುಬ್ಬಳ್ಳಿಯಿಂದ ಒಬ್ಬರು

(ಮಾತು ಒರಟು. ಆದರೂ ಬಿಡಲು ಮನಸ್ಸಾಗಲಿಲ್ಲ. —ಸಂ.)

ತೋಟ ಮಾತ್ರ ಮಾರಬೇಡಿ. ಮರಗಳಿಗೆ ಕಾಳುಮೆಣಸು ಹಬ್ಬಿಸಿದ್ದೀರಾ? ಇಲ್ಲದಿದ್ದರೆ ಈ ಮಳೆಗಾಲದಲ್ಲೇ ನೆಡಿ. ಜರ್ಮನಿ ಬಗ್ಗೆ ನನಗೆ ಗೊತ್ತಿಲ್ಲ.
—ಕೃಷಿಕ, ತೀರ್ಥಹಳ್ಳಿ

ಜರ್ಮನಿ ಬಗ್ಗೆ ಗೊತ್ತಿರುವವರೂ ಬರೆದಿದ್ದಾರೆ. ಏಜೆಂಟ್ ಹತ್ತಿರ ಮತ್ತೆ ಹೋಗುವ ಮೊದಲು ಇದನ್ನು ಓದಿ. —ಸಂ.

30 ಲಕ್ಷ ಯಾವ ಲೆಕ್ಕ ಸರ್? ಖಾಸಗಿ ಯೂನಿವರ್ಸಿಟಿ ತೋರಿಸಿರಬೇಕು. ಇಲ್ಲಿ ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಸೆಮಿಸ್ಟರಿಗೆ ಸಣ್ಣದೊಂದು ವಂತಿಗೆ ಇರುತ್ತದೆ, ಅಷ್ಟೆ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿಯೂ ಈಗ ಶುಲ್ಕ ಶುರು ಮಾಡಿದೆ. ನಿಜವಾದ ಕಷ್ಟ ಬ್ಲಾಕ್ಡ್ ಅಕೌಂಟಿನದು. ವೀಸಾಕ್ಕೆ ಮೊದಲೇ 11,904 ಯೂರೋ ಇಟ್ಟು ತೋರಿಸಬೇಕು. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992ರಂತೆ ನಮಗೇ ಸಿಗುತ್ತದೆ. ಊಟ, ಬಾಡಿಗೆಗೆ ಅದೇ. ನಮ್ಮ ಅಂಕಪಟ್ಟಿ, ಪದವಿ ಕಾಗದ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟಿಗೆ ಬೇಗ ಅರ್ಜಿ ಹಾಕಿಸಿ. ಅದಿಲ್ಲದೆ ವೀಸಾ ಇಲ್ಲ.
—ಎಂ.ಎಸ್. ವಿದ್ಯಾರ್ಥಿ, ಆಖೆನ್, ಜರ್ಮನಿ

ಇವರಿಗಾದರೂ ಮಾರಲು ತೋಟವಿದೆ. ನನ್ನ ವಿದ್ಯಾರ್ಥಿಗಳಿಗೆ ಅದೂ ಇಲ್ಲ. ದುಡ್ಡಿಗಿಂತ ಮೊದಲು ಅವರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಯುರೋಪ್ ಒಕ್ಕೂಟ ಕೊಡುವ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನ ಸಿಕ್ಕರೆ ಫೀಸಿಲ್ಲ, ಮೇಲೆ ತಿಂಗಳಿಗೆ 1,400 ಯೂರೋ. ಅರ್ಜಿ ಹೆಚ್ಚಾಗಿ ಅಕ್ಟೋಬರಿನಿಂದ ಜನವರಿಯೊಳಗೆ. ನಮ್ಮ ಮಕ್ಕಳಿಗೆ ಆಗ ಸೆಮಿಸ್ಟರ್ ಪರೀಕ್ಷೆ! ಹೊರದೇಶದಲ್ಲಿ ಓದಲು ಪರಿಶಿಷ್ಟರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಕೇಂದ್ರದ್ದಕ್ಕೆ ಪರಿಶಿಷ್ಟ ಜಾತಿಯವರಾದರೆ ಮನೆಯ ಆದಾಯ ವರ್ಷಕ್ಕೆ 8 ಲಕ್ಷ ದಾಟಬಾರದು. ಕ್ಯಾಂಪಸ್ ಇಂಟರ್‌ವ್ಯೂಗೆ ಕಾಲೇಜಿನಲ್ಲಿ ಒಂದು ವಿಭಾಗವೇ ಇದೆ. ಇದನ್ನೆಲ್ಲ ಹೇಳಲು ಒಂದು ಮೇಜೂ ಇಲ್ಲ.
—ಉಪನ್ಯಾಸಕ, ಕಲಬುರಗಿ

ತಂದೆಯ ಪತ್ರದಲ್ಲಿ ಮಗಳು ಏನನ್ನುತ್ತಾಳೆ ಅನ್ನುವುದಿರಲಿಲ್ಲ. ಅವಳೇ ಬರೆದರೆ ಮುಂದಿನ ಸಂಚಿಕೆಯಲ್ಲಿ ಮೊದಲ ಜಾಗ ಅವಳದು. —ಸಂ.